ಮೊದಲ ಸಾಲಿನಿಂದ ಕೊನೆಯ ಸಾಲಿಗೆ: ರಾಯಚೂರು ಸೀಮೆಯಲ್ಲಿ ಟೆಲಿವಿಷನ್ ಪ್ರಸಾರದ ಡಿಜಿಟಲ್ ಪರಿವರ್ತನೆ ಮತ್ತು ಅದರ ವಿಳಂಬ

ಪೀಠಿಕೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ಸೀಮೆಯ ಚರಿತ್ರೆಯೆಂದರೆ ಕೋಟೆ, ಕಾಳಗ, ಶಾಸನ, ದಾಸಸಾಹಿತ್ಯ ಮತ್ತು ನೀರಾವರಿಗಳ ಚರಿತ್ರೆಯೆಂದೇ ಸಾಮಾನ್ಯವಾಗಿ ಭಾವಿಸಲಾಗಿದೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಸೀಮೆಯ ಸಂಜೆಗಳ ಸ್ವರೂಪವನ್ನೇ ಬದಲಿಸಿದ ಟೆಲಿವಿಷನ್ನಿನ ಚರಿತ್ರೆಗೆ ಇಂತಹ ಸ್ಥಾನ ದೊರೆತಿಲ್ಲ. ದೊರೆತಲ್ಲಿಯೂ ಅದು ದೆಹಲಿ ಮತ್ತು ಬೆಂಗಳೂರಿನ ದಿನಾಂಕಗಳನ್ನು ಆಧರಿಸಿದ ಚರಿತ್ರೆಯಾಗಿದೆ. ಅನಲಾಗ್ ಪ್ರಸಾರದಿಂದ ಡಿಜಿಟಲ್ ಪ್ರಸಾರಕ್ಕೆ ದೇಶವು ಹೊರಳಿದ ಬಗೆಯನ್ನು ವಿವರಿಸುವಾಗ ರಾಯಚೂರು ನಗರ, ದೇವದುರ್ಗ, ಮಾನ್ವಿಗಳಂತಹ ಊರುಗಳನ್ನು 'ತಡವಾಗಿ ಬಂದವು' ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ರೂಢಿ.

ಆದರೆ ಇದೇ ರಾಯಚೂರು ಜಿಲ್ಲೆಯ ಹಳ್ಳಿಗಳು ರಾಜಧಾನಿ ಬೆಂಗಳೂರಿಗಿಂತ ಆರು ವರ್ಷ ಮೊದಲೇ ಟೆಲಿವಿಷನ್ ಕಂಡಿದ್ದವು, ಅದೂ ನೇರವಾಗಿ ಉಪಗ್ರಹದ ಮೂಲಕ. ಉಪಗ್ರಹ ಪ್ರಸಾರದಲ್ಲಿ ಮೊದಲ ಸಾಲಿನಲ್ಲಿದ್ದ ಸೀಮೆ ಡಿಜಿಟಲ್ ಪರಿವರ್ತನೆಯಲ್ಲಿ ಕೊನೆಯ ಸಾಲಿಗೆ ಹೋದದ್ದು ಹೇಗೆ ಎಂಬ ಪ್ರಶ್ನೆಯನ್ನು ಪ್ರಸ್ತುತ ಲೇಖನವು ಪರಿಶೀಲಿಸುತ್ತದೆ. ಈ ವಿಳಂಬವು ಜನರ ನಿಧಾನದಿಂದಾಗಲಿ ಹೊಸತನ್ನು ಒಲ್ಲೆನೆನ್ನುವ ಮನೋಭಾವದಿಂದಾಗಲಿ ಹುಟ್ಟಿದುದಲ್ಲ. ಎರಡೂ ಸಂದರ್ಭಗಳಲ್ಲಿ ಸರದಿಯನ್ನು ನಿರ್ಧರಿಸಿದವರು ಬೇರೆಡೆ ಇದ್ದರು. ಮೊದಲ ಸಲ 'ಹಿಂದುಳಿದಿರುವಿಕೆ'ಯೇ ಅರ್ಹತೆಯಾಯಿತು. ಎರಡನೆಯ ಸಲ ಅದೇ ಕೊನೆಯ ಸ್ಥಾನಕ್ಕೆ ಕಾರಣವಾಯಿತು.

1975: ಹಿಂದುಳಿದಿರುವಿಕೆಯೇ ಅರ್ಹತೆಯಾದ ಕಾಲ

1969ರ ಸೆಪ್ಟೆಂಬರಿನಲ್ಲಿ ಭಾರತದ ಪರಮಾಣು ಶಕ್ತಿ ಇಲಾಖೆ ಮತ್ತು ಅಮೆರಿಕದ ನಾಸಾ ಸಂಸ್ಥೆಗಳ ನಡುವೆ ಒಂದು ಒಪ್ಪಂದವಾಯಿತು. ವಿಕ್ರಮ್ ಸಾರಾಭಾಯಿ ಅವರ ಮುನ್ನೋಟದ ಫಲವಾದ ಈ ಒಪ್ಪಂದದಂತೆ ನಾಸಾದ ಎ.ಟಿ.ಎಸ್.-6 ಉಪಗ್ರಹವು ಒಂದು ವರ್ಷದ ಅವಧಿಗೆ ಭಾರತದ ಬಳಕೆಗೆ ದೊರೆಯಿತು. 'ಸೈಟ್' ಎಂಬ ಹೆಸರಿನಿಂದ ಪ್ರಸಿದ್ಧವಾದ ಉಪಗ್ರಹ ಬೋಧನಾ ಟೆಲಿವಿಷನ್ ಪ್ರಯೋಗವು 1975ರ ಆಗಸ್ಟ್ 1ರಂದು ಆರಂಭಗೊಂಡು 1976ರ ಜುಲೈ 31ರಂದು ಮುಕ್ತಾಯವಾಯಿತು. ಆಂಧ್ರಪ್ರದೇಶ, ಬಿಹಾರ, ಕರ್ನಾಟಕ, ಮಧ್ಯಪ್ರದೇಶ, ಒರಿಸ್ಸಾ ಮತ್ತು ರಾಜಸ್ಥಾನ ಎಂಬ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು ಈ ಪ್ರಯೋಗಕ್ಕೆ ಆಯ್ಕೆಯಾದವು. ಕರ್ನಾಟಕದಿಂದ ಆಯ್ಕೆಯಾದ ಜಿಲ್ಲೆಗಳು ಗುಲಬರ್ಗಾ, ರಾಯಚೂರು ಮತ್ತು ಬಿಜಾಪುರ. ಅಂದಿನ ರಾಯಚೂರು ಜಿಲ್ಲೆ ಇಂದಿನ ಕೊಪ್ಪಳವನ್ನೂ ಒಳಗೊಂಡಿತ್ತು. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ಆಯ್ಕೆಯ ಹಿಂದಿನ ತರ್ಕವನ್ನು ಗಮನಿಸಬೇಕು. ಕೃಷಿ, ಆರೋಗ್ಯ, ಕುಟುಂಬ ಯೋಜನೆ ಮತ್ತು ಪ್ರಾಥಮಿಕ ಶಿಕ್ಷಣಗಳ ವಿಷಯದಲ್ಲಿ ಅಭಿವೃದ್ಧಿಯ ಅಗತ್ಯ ಹೆಚ್ಚಾಗಿದ್ದ ಪ್ರದೇಶಗಳಿಗೆ ಹೊಸ ಮಾಧ್ಯಮ ಮೊದಲು ತಲುಪಬೇಕು ಎಂಬುದು ಪ್ರಯೋಗದ ಆಶಯವಾಗಿತ್ತು. ನಗರದಿಂದ ಆರಂಭಿಸಿ ನಿಧಾನವಾಗಿ ಹಳ್ಳಿಗೆ ಇಳಿಯುವ ವಾಡಿಕೆಯ ಕ್ರಮವನ್ನು ಇಲ್ಲಿ ತಲೆಕೆಳಗು ಮಾಡಲಾಯಿತು. ಬೆಂಗಳೂರಿನಲ್ಲಿ ದೂರದರ್ಶನದ ಪ್ರಸಾರ ಆರಂಭವಾದದ್ದು 1981ರ ನವೆಂಬರ್ 1ರಂದು ಎಂಬುದನ್ನು ನೆನೆದರೆ ಈ ತಿರುವಿನ ಮಹತ್ವ ತಿಳಿಯುತ್ತದೆ.

ತಾಂತ್ರಿಕ ವ್ಯವಸ್ಥೆಯೂ ಸ್ವಾರಸ್ಯಕರವಾದುದು. ಅಹಮದಾಬಾದಿನ ಭೂಕೇಂದ್ರದಿಂದ ಉಪಗ್ರಹಕ್ಕೆ ಹೋದ ಸಂಕೇತ ಮರಳಿ ಹಳ್ಳಿಗೆ ಇಳಿಯುತ್ತಿತ್ತು. ಅದನ್ನು ಹಿಡಿಯಲು ಕೋಳಿಗೂಡಿಗೆ ಬಳಸುವಂತಹ ತಂತಿಬಲೆಯಿಂದ ಮಾಡಿದ, ಸುಮಾರು ಮೂರು ಮೀಟರ್ ವ್ಯಾಸದ ಆಂಟೆನಾ ಇರುತ್ತಿತ್ತು. ಸಮುದಾಯದ ಟಿ.ವಿ.ಯನ್ನು ಶಾಲೆಯಲ್ಲೋ ಪಂಚಾಯಿತಿಯಂತಹ ಸಾರ್ವಜನಿಕ ಸ್ಥಳದಲ್ಲೋ ಇರಿಸಲಾಗುತ್ತಿತ್ತು. ಬೆಳಗ್ಗೆ ಶಾಲಾ ಮಕ್ಕಳಿಗೆ, ಸಂಜೆ ವಯಸ್ಕರಿಗೆ ಹೀಗೆ ದಿನಕ್ಕೆ ಒಟ್ಟು ಸುಮಾರು ನಾಲ್ಕು ಗಂಟೆಗಳ ಪ್ರಸಾರ ನಡೆಯುತ್ತಿತ್ತು. ಕನ್ನಡದ ಕಾರ್ಯಕ್ರಮಗಳು ತೆಲುಗು ಕಾರ್ಯಕ್ರಮಗಳೊಡನೆ ಹೈದರಾಬಾದಿನ ನಿರ್ಮಾಣ ಕೇಂದ್ರದಲ್ಲಿಯೇ ತಯಾರಾಗುತ್ತಿದ್ದವು. 1948ರವರೆಗೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿದ್ದ, 1956ರಲ್ಲಿ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದ ಈ ಸೀಮೆಗೆ ಕನ್ನಡದ ಮೊದಲ ಟೆಲಿವಿಷನ್ ಮಾತುಗಳು ಮತ್ತೆ ಹೈದರಾಬಾದಿನಿಂದಲೇ ಬಂದವು.

ನೋಡುವ ಸಮುದಾಯದ ಸ್ವರೂಪ

ಜಾನಪದ ಅಧ್ಯಯನದ ದೃಷ್ಟಿಯಿಂದ ಇಲ್ಲಿ ಮುಖ್ಯವಾದುದು ಯಂತ್ರವಲ್ಲ, ಅದರ ಮುಂದೆ ಕೂಡಿದ ಜನ. ಬಯಲಾಟ, ಭಜನೆ, ತತ್ವಪದ, ಡೊಳ್ಳಿನ ಪದ, ಬುರ್ರಕಥೆ, ಅಲಾಯಿ ಹಬ್ಬದ ಕುಣಿತ ಮತ್ತು ರಿವಾಯತ್ ಪದಗಳು ಈ ಸೀಮೆಯ ಹಳ್ಳಿಗಳಲ್ಲಿ ರಾತ್ರಿಯ ಕೂಟಕ್ಕೆ ಒಂದು ಶಿಸ್ತನ್ನು ರೂಪಿಸಿದ್ದವು. ಎಲ್ಲಿ ಕೂಡಬೇಕು, ಯಾರು ಮುಂದೆ ಕೂಡಬೇಕು, ಹೆಂಗಸರು ಎಲ್ಲಿ, ಮಕ್ಕಳು ಎಲ್ಲಿ ಎಂಬುದನ್ನು ಯಾರೂ ಬರೆದಿಟ್ಟಿರಲಿಲ್ಲ, ಆದರೆ ಎಲ್ಲರಿಗೂ ತಿಳಿದಿತ್ತು. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯಲ್ಲಿ ಹುಟ್ಟಿದ ವಿಜಯದಾಸರು, ಬ್ಯಾಗವಾಟದಲ್ಲಿ ಹುಟ್ಟಿದ ಜಗನ್ನಾಥದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು ಕಟ್ಟಿದ ಪದಗಳು ಊರೂರು ದಾಟಿದ್ದು ಕೊರಳಿನಿಂದ ಕೊರಳಿಗೆ. ಒಬ್ಬರು ಹಾಡಲು ಹಲವರು ಕೂಡಿ ಕೇಳುವ ಈ ಪದ್ಧತಿಯ ನೆಲದ ಮೇಲೆಯೇ ಸಮುದಾಯದ ಟಿ.ವಿ. ಬಂದು ಕುಳಿತಿತು.

ಆದುದರಿಂದ 1975ರ ಟಿ.ವಿ. ಮನೆಯ ವಸ್ತುವಾಗಿರಲಿಲ್ಲ, ಊರಿನ ವಸ್ತುವಾಗಿತ್ತು. ಸೈಟ್ ಅವಧಿಯ ಸಾಮಾಜಿಕ ಮೌಲ್ಯಮಾಪನದ ಭಾಗವಾಗಿ ಸಂಶೋಧಕರು ಆಯ್ದ ಹಳ್ಳಿಗಳಲ್ಲಿ ನೆಲೆಸಿ ಜನಜೀವನವನ್ನು ಅವಲೋಕಿಸಿದ್ದರು. ಆರಂಭದಲ್ಲಿ ಕುತೂಹಲದಿಂದ ಕಿಕ್ಕಿರಿದ ಜನಸಂದಣಿ ಕ್ರಮೇಣ ಇಳಿದು, ನಿಯತವಾಗಿ ಬರುವ ನೋಡುಗರ ಗುಂಪೊಂದು ಉಳಿಯಿತು ಎಂಬುದು ಆ ಅಧ್ಯಯನಗಳಿಂದ ತಿಳಿದುಬಂದ ಸಂಗತಿ. ಬಯಲಾಟದ ರಂಗಕ್ಕೂ ಈ ಪೆಟ್ಟಿಗೆಗೂ ಇದ್ದ ವ್ಯತ್ಯಾಸವನ್ನೂ ಮರೆಯುವಂತಿಲ್ಲ. ಬಯಲಾಟದಲ್ಲಿ ವೇಷ ಕಟ್ಟುವವನು ಅದೇ ಊರಿನವನು. ಪ್ರೇಕ್ಷಕನು ಅವನನ್ನು ಕೂಗಿ ಹುರಿದುಂಬಿಸಬಲ್ಲ, ತಪ್ಪಿದರೆ ತಿದ್ದಬಲ್ಲ. ಟಿ.ವಿ.ಯೊಳಗಿನವರಿಗೆ ಈ ಕೂಗು ಕೇಳಿಸದು.

ಒಂದು ವರ್ಷ ತುಂಬಿದ ಕೂಡಲೇ ಉಪಗ್ರಹವನ್ನು ಅಮೆರಿಕದ ಕಡೆಗೆ ಸರಿಸಲಾಯಿತು. ಹಳ್ಳಿಗಳ ತಂತಿಬಲೆಯ ಆಂಟೆನಾಗಳಿಗೆ ಹಿಡಿಯಲು ಸಂಕೇತವೇ ಉಳಿಯಲಿಲ್ಲ. ರಾಯಚೂರು ಸೀಮೆಯ ಪ್ರಸಾರ ಚರಿತ್ರೆಯಲ್ಲಿ ಹೊರಗಿನ ದಿನಾಂಕವೊಂದು ಊರಿನ ಸಂಜೆಯನ್ನು ನಿರ್ಧರಿಸಿದ ಮೊದಲ ನಿದರ್ಶನವಿದು, ಕೊನೆಯದಲ್ಲ.

ಪ್ರಸಾರಗೋಪುರದ ಕಾಲ

ಸೈಟ್ ಪ್ರಯೋಗದ ಫಲ ಪೂರ್ತಿ ಕೈಬಿಟ್ಟು ಹೋಗಬಾರದೆಂಬ ಉದ್ದೇಶದಿಂದ ಸರಕಾರವು ಕೆಲವೆಡೆ ಭೂತಲ ಪ್ರಸಾರಕಗಳನ್ನು ಸ್ಥಾಪಿಸಿತು. ಅವುಗಳಲ್ಲಿ ಒಂದು 1977ರ ಸೆಪ್ಟೆಂಬರಿನಲ್ಲಿ ಗುಲಬರ್ಗಾದಲ್ಲಿ ಕಾರ್ಯಾರಂಭ ಮಾಡಿತು. ಕರ್ನಾಟಕದ ನೆಲದಿಂದ ನಡೆದ ಟೆಲಿವಿಷನ್ ಪ್ರಸಾರದ ಚರಿತ್ರೆ ಹೀಗೆ ಬೆಂಗಳೂರಿನಿಂದಲ್ಲ, ಗುಲಬರ್ಗಾದಿಂದ ಆರಂಭವಾಗುತ್ತದೆ.

ಆದರೆ ಭೂತಲ ಪ್ರಸಾರಕ್ಕೂ ಉಪಗ್ರಹ ಪ್ರಸಾರಕ್ಕೂ ಒಂದು ಮೂಲಭೂತ ಭೇದವಿದೆ. ಉಪಗ್ರಹಕ್ಕೆ ದೇವದುರ್ಗವೂ ದೆಹಲಿಯೂ ಒಂದೇ. ಗೋಪುರದಿಂದ ಹೊರಟ ಅಲೆಗೆ ಹಾಗಲ್ಲ. ಅದು ಬಹುಮಟ್ಟಿಗೆ ನೇರ ರೇಖೆಯಲ್ಲಿ ಸಾಗಿ ದೂರವಾದಂತೆ ಕ್ಷೀಣಿಸುತ್ತದೆ. ಗುಲಬರ್ಗಾದಿಂದ ದೇವದುರ್ಗಕ್ಕೆ ನೇರ ರೇಖೆಯಲ್ಲಿಯೇ ಸುಮಾರು 100 ಕಿಲೋಮೀಟರ್ ಅಂತರವಿದೆ. ರಾಯಚೂರು ಮತ್ತು ಮಾನ್ವಿ ಇನ್ನೂ ದಕ್ಷಿಣಕ್ಕಿವೆ. 1983ರಲ್ಲಿ ಇನ್ಸಾಟ್-1ಬಿ ಉಪಗ್ರಹ ಹಾರಿದ ಮೇಲೆ, 1984ರಿಂದ ಕಡಿಮೆ ಶಕ್ತಿಯ ಪ್ರಸಾರಕಗಳು ದೇಶದಾದ್ಯಂತ ವೇಗವಾಗಿ ಸ್ಥಾಪನೆಗೊಂಡವು. ಇಂತಹ ಒಂದು ಪ್ರಸಾರಕದ ವ್ಯಾಪ್ತಿ ಸಾಧಾರಣವಾಗಿ 25 ಕಿಲೋಮೀಟರಿನ ಆಸುಪಾಸು. ರಾಯಚೂರಿನಿಂದ ಮಾನ್ವಿ ನೇರ ರೇಖೆಯಲ್ಲಿ ಸುಮಾರು 40, ದೇವದುರ್ಗ ಸುಮಾರು 50 ಕಿಲೋಮೀಟರ್ ದೂರದಲ್ಲಿವೆ. ಜಿಲ್ಲಾ ಕೇಂದ್ರದಲ್ಲಿ ಇಂತಹ ಒಂದು ಗೋಪುರ ಎದ್ದ ಮಾತ್ರಕ್ಕೆ ತಾಲ್ಲೂಕಿನ ಹಳ್ಳಿಗೆ ಸ್ಪಷ್ಟ ಚಿತ್ರ ಬರುವುದಿಲ್ಲ ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ.

ಅನಲಾಗ್ ಪ್ರಸಾರದ ಇನ್ನೊಂದು ಗುಣವನ್ನೂ ಇಲ್ಲಿಯೇ ಹೇಳಬೇಕು. ಅನಲಾಗ್ ಸಂಕೇತ ಕ್ಷೀಣಿಸಿದಾಗ ಚಿತ್ರ ಕ್ರಮೇಣ ಮಸುಕಾಗುತ್ತದೆ, ಚುಕ್ಕೆಗಳು ತುಂಬುತ್ತವೆ. ಆದರೂ ದನಿ ಕೇಳುತ್ತದೆ, ಆಕೃತಿ ಕಾಣುತ್ತದೆ. ಮಾಳಿಗೆ ಹತ್ತಿ ಆಂಟೆನಾ ತಿರುಗಿಸಿ, ಕೆಳಗಿನವರನ್ನು ಕೂಗಿ ಕೇಳಿ, ಸ್ವಲ್ಪ ಸುಧಾರಿಸಿಕೊಳ್ಳಲು ಅವಕಾಶವಿರುತ್ತದೆ. ಡಿಜಿಟಲ್ ಸಂಕೇತ ಒಂದು ಮಿತಿಯವರೆಗೆ ಸ್ವಚ್ಛವಾದ ಚಿತ್ರ ಕೊಟ್ಟು, ಆ ಮಿತಿ ದಾಟಿದೊಡನೆ ಪೂರ್ತಿ ಕಡಿದುಹೋಗುತ್ತದೆ. ಪ್ರಸಾರದ ಅಂಚಿನಲ್ಲಿದ್ದ ಊರುಗಳಿಗೆ ಅನಲಾಗ್ ಒಂದು ಬಗೆಯ ಸಡಿಲಿಕೆಯನ್ನು ಕೊಟ್ಟಿತ್ತು.

ಕೇಬಲ್ ಮತ್ತು ನಾಲ್ಕು ಹಂತಗಳು

1990ರ ದಶಕದಲ್ಲಿ ಉಪಗ್ರಹ ವಾಹಿನಿಗಳು ಬಂದವು. ಕನ್ನಡದಲ್ಲಿ ಉದಯ ಟಿ.ವಿ. 1994ರಲ್ಲಿ, ಈಟಿವಿ ಕನ್ನಡ 2000ದಲ್ಲಿ ಆರಂಭಗೊಂಡವು. ಇವುಗಳನ್ನು ಊರಿಗೆ ತಂದವರು ಕೇಬಲ್ ಆಪರೇಟರುಗಳು. 1995ರ ಕೇಬಲ್ ಟೆಲಿವಿಷನ್ ಜಾಲಗಳ ನಿಯಂತ್ರಣ ಕಾಯ್ದೆ ಈ ಉದ್ಯಮಕ್ಕೆ ಕಾನೂನಿನ ಚೌಕಟ್ಟು ಒದಗಿಸಿತು. ಅನಲಾಗ್ ಕೇಬಲ್ ವ್ಯವಸ್ಥೆಯಲ್ಲಿ ಆಪರೇಟರನು ತನ್ನ ಕೊಠಡಿಯಿಂದಲೇ ಒಂದು ಸ್ಥಳೀಯ ವಾಹಿನಿಯನ್ನು ಸೇರಿಸಲು ಹೆಚ್ಚಿನ ಸಲಕರಣೆ ಬೇಕಿರಲಿಲ್ಲ. ಊರ ಜಾತ್ರೆ, ಉರುಸು, ಶಾಲಾ ವಾರ್ಷಿಕೋತ್ಸವಗಳ ಚಿತ್ರೀಕರಣ ಸಣ್ಣ ಪಟ್ಟಣಗಳ ಮನೆಮನೆಯ ಪರದೆಗೆ ಬಂದದ್ದು ಈ ದಾರಿಯಿಂದ. ಸೈಟ್ ಕಾಲದಲ್ಲಿ ಪೆಟ್ಟಿಗೆಯ ಹೊರಗಿದ್ದ ಊರು ಸ್ವಲ್ಪಮಟ್ಟಿಗೆ ಪೆಟ್ಟಿಗೆಯ ಒಳಗೆ ಬಂದಿತು.

2011ರಲ್ಲಿ ಈ ಕಾಯ್ದೆಗೆ ತಿದ್ದುಪಡಿಯಾಗಿ, ಪ್ರತಿ ಮನೆಯಲ್ಲಿ ಸೆಟ್ ಟಾಪ್ ಬಾಕ್ಸ್ ಕಡ್ಡಾಯವಾಗುವ ಡಿಜಿಟಲ್ ವ್ಯವಸ್ಥೆಯನ್ನು ನಾಲ್ಕು ಹಂತಗಳಲ್ಲಿ ಜಾರಿಗೊಳಿಸಲು ತೀರ್ಮಾನವಾಯಿತು. ಮೊದಲ ಹಂತದಲ್ಲಿ ನಾಲ್ಕು ಮಹಾನಗರಗಳು. ಎರಡನೆಯ ಹಂತದಲ್ಲಿ ಬೆಂಗಳೂರು, ಮೈಸೂರುಗಳೂ ಸೇರಿದಂತೆ 38 ನಗರಗಳು. ಮೂರನೆಯ ಹಂತದಲ್ಲಿ ಉಳಿದ ನಗರ ಮತ್ತು ಪಟ್ಟಣಗಳ ಪುರಾಡಳಿತ ವ್ಯಾಪ್ತಿ. ನಾಲ್ಕನೆಯದರಲ್ಲಿ ಉಳಿದ ದೇಶವೆಲ್ಲ. ರಾಯಚೂರು ನಗರ ಮತ್ತು ಪುರಸಭೆಗಳಿರುವ ಮಾನ್ವಿ, ದೇವದುರ್ಗ ಪಟ್ಟಣಗಳು ಮೂರನೆಯ ಹಂತಕ್ಕೆ, ಅವುಗಳ ಸುತ್ತಣ ಹಳ್ಳಿಗಳು ನಾಲ್ಕನೆಯ ಹಂತಕ್ಕೆ ಸೇರಿದವು. 1975ರಲ್ಲಿ ಹಳ್ಳಿಯಿಂದ ಆರಂಭವಾದ ಸರದಿ ಇಲ್ಲಿ ಮಹಾನಗರದಿಂದ ಆರಂಭವಾಗಿ ಹಳ್ಳಿಯಲ್ಲಿ ಮುಗಿಯಿತು. ಮೊದಲನೆಯದರ ಅಳತೆಗೋಲು ಅಗತ್ಯ. ಎರಡನೆಯದರದು ಊರಿನ ಗಾತ್ರ. ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿದ ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ದೇವದುರ್ಗ, ಮಾನ್ವಿಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಇರಿಸಿತ್ತು. ಆ ಪಟ್ಟಿಯ ದೃಷ್ಟಿಯಿಂದ ಮೊದಲು ಬರಬೇಕಾದುದು ಈ ಹಂತಗಳ ದೃಷ್ಟಿಯಿಂದ ಕೊನೆಗೆ ಬಂದಿತು.

ಗಡುವುಗಳೂ ಸರಿಯುತ್ತ ಹೋದವು. ಮೂರನೆಯ ಹಂತಕ್ಕೆ ಮೊದಲು ಗೊತ್ತುಪಡಿಸಿದ್ದ ದಿನ 2014ರ ಸೆಪ್ಟೆಂಬರ್ 30. ಅದು 2015ರ ಡಿಸೆಂಬರ್ 31ಕ್ಕೆ, ಬಳಿಕ 2017ರ ಜನವರಿ 31ಕ್ಕೆ ಮುಂದೆ ಹೋಯಿತು. ನಾಲ್ಕನೆಯ ಹಂತದ ಗಡುವು 2014ರ ಡಿಸೆಂಬರ್ 31ರಿಂದ 2016ರ ಡಿಸೆಂಬರ್ 31ಕ್ಕೆ, ಕೊನೆಗೆ 2017ರ ಮಾರ್ಚ್ 31ಕ್ಕೆ ಸರಿಯಿತು. ಪಟ್ಟಣಗಳಿಗೆ ಎರಡು ವರ್ಷ ನಾಲ್ಕು ತಿಂಗಳು, ಹಳ್ಳಿಗಳಿಗೆ ಎರಡು ವರ್ಷ ಮೂರು ತಿಂಗಳ ವಿಳಂಬ. ಸೆಟ್ ಟಾಪ್ ಬಾಕ್ಸ್‌ಗಳ ಕೊರತೆ, ಅವು ದೇಶದೊಳಗೇ ತಯಾರಾಗಬೇಕೆಂಬ ಆಶಯ, ವಾಹಿನಿಗಳು, ದೊಡ್ಡ ಕೇಬಲ್ ಸಂಸ್ಥೆಗಳು ಹಾಗೂ ಊರಿನ ಆಪರೇಟರುಗಳ ನಡುವೆ ಒಪ್ಪಂದಗಳಾಗದಿದ್ದುದು, ಹಲವು ಹೈಕೋರ್ಟುಗಳಲ್ಲಿನ ದಾವೆಗಳು ಇದಕ್ಕೆ ಕಾರಣಗಳು. ಇವುಗಳಲ್ಲಿ ಯಾವುದೂ ದೇವದುರ್ಗದಲ್ಲಿಯೋ ಮಾನ್ವಿಯಲ್ಲಿಯೋ ಹುಟ್ಟಿದುದಲ್ಲ ಎಂಬುದು ಗಮನಾರ್ಹ.

ವಿಳಂಬವೆಂಬುದು ಭಾರತಕ್ಕೆ ಮಾತ್ರ ಸೀಮಿತವಲ್ಲ. ಅಮೆರಿಕವು 2009ರ ಫೆಬ್ರವರಿ 17ರಂದು ಅನಲಾಗ್ ಪ್ರಸಾರ ನಿಲ್ಲಿಸಬೇಕಿತ್ತು. ಪರಿವರ್ತಕ ಪೆಟ್ಟಿಗೆ ಕೊಳ್ಳಲು ಸರಕಾರ ನೀಡುತ್ತಿದ್ದ ಕೂಪನ್ನುಗಳಿಗೆ ಜನ ಕಾಯುತ್ತಿದ್ದುದರಿಂದ ಅದನ್ನು ಜೂನ್ 12ಕ್ಕೆ ಮುಂದೂಡಿತು. ಜಪಾನ್ 2011ರ ಜುಲೈ 24ರಂದು ಅನಲಾಗ್ ಪ್ರಸಾರ ಕೊನೆಗೊಳಿಸಿದರೂ ಭೂಕಂಪ ಮತ್ತು ಸುನಾಮಿಯಿಂದ ನೊಂದ ಇವಾಟೆ, ಮಿಯಾಗಿ, ಫುಕುಶಿಮಾ ಪ್ರಾಂತ್ಯಗಳಿಗೆ 2012ರ ಮಾರ್ಚ್ 31ರವರೆಗೆ ಅವಕಾಶ ನೀಡಿತು. ಅಲ್ಲಿ ವಿಳಂಬವು ಹಿಂದೆ ಬಿದ್ದವರಿಗಾಗಿ ಕಾಯುವ ಕ್ರಮವಾಗಿತ್ತು. ಭಾರತದ ಕೇಬಲ್ ಪರಿವರ್ತನೆಯಲ್ಲಿ ವಿಳಂಬವು ಉದ್ಯಮದ ಸಿದ್ಧತೆಗೆ ದೊರೆತ ಕಾಲಾವಕಾಶವಾಗಿತ್ತೇ ಹೊರತು ನೋಡುಗನ ಸಿದ್ಧತೆಗೆ ಆಸರೆಯಾದುದು ಕಡಿಮೆ.

ಡಿಜಿಟಲ್ ಕೇಬಲ್ಲಿನಿಂದ ಚಿತ್ರ ಸ್ವಚ್ಛವಾಯಿತು, ವಾಹಿನಿಗಳ ಸಂಖ್ಯೆ ಹೆಚ್ಚಿತು, ಚಂದಾದಾರರ ಲೆಕ್ಕ ಪಾರದರ್ಶಕವಾಯಿತು. ಇವು ನಿಜವಾದ ಲಾಭಗಳು. ಆದರೆ ಗೂಢಲಿಪೀಕರಿಸಿದ ಸಂಕೇತ ದೂರದ ದೊಡ್ಡ ಕೇಂದ್ರದಿಂದ ಬರತೊಡಗಿದ್ದರಿಂದ ಊರಿನ ಆಪರೇಟರನ ಕೊಠಡಿ ಕೇವಲ ಹಂಚಿಕೆಯ ತಾಣವಾಯಿತು. ಸ್ಥಳೀಯ ವಾಹಿನಿಗಳಿಗೆ ನಿಯಮಾವಳಿ ಇರಬೇಕೆಂದು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2014ರಲ್ಲಿ ಶಿಫಾರಸು ಮಾಡಿತು. 2019ರ ಫೆಬ್ರವರಿಯಿಂದ ಜಾರಿಗೆ ಬಂದ ದರಪಟ್ಟಿಯಂತೆ ಮೊದಲ 100 ವಾಹಿನಿಗಳ ಜಾಲಶುಲ್ಕವೇ ತೆರಿಗೆ ಬಿಟ್ಟು ಗರಿಷ್ಠ 130 ರೂಪಾಯಿ ಎಂದು ನಿಗದಿಯಾಗಿತ್ತು. ಊರ ಜಾತ್ರೆಯನ್ನು ತೋರಿಸಲು ಹಿಂದೆ ಆಪರೇಟರನ ಒಪ್ಪಿಗೆ ಸಾಕಿತ್ತು. ಈಗ ಅದಕ್ಕೂ ದೂರದ ವ್ಯವಸ್ಥೆಯೊಂದರಲ್ಲಿ ಜಾಗ ಬೇಕಾಯಿತು.

ಭೂತಲ ಪ್ರಸಾರದ ಮುಕ್ತಾಯ

ಕೇಬಲ್ ಪರಿವರ್ತನೆ ತಡವಾದರೂ ನಡೆಯಿತು. ದೂರದರ್ಶನದ ಭೂತಲ ಪ್ರಸಾರದ ಕಥೆ ಬೇರೆ. 2016ರ ಫೆಬ್ರವರಿಯಲ್ಲಿ ದೂರದರ್ಶನವು 16 ನಗರಗಳಲ್ಲಿ ಡಿಜಿಟಲ್ ಭೂತಲ ಪ್ರಸಾರವನ್ನು ಪ್ರಕಟಿಸಿತು. ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದುದು ಬೆಂಗಳೂರು ಮಾತ್ರ. 2017ರ ಜನವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಡಿಜಿಟಲ್ ಭೂತಲ ಪ್ರಸಾರವನ್ನು ಹಂತಹಂತವಾಗಿ ವಿಸ್ತರಿಸಿ 2023ರ ಕೊನೆಯೊಳಗೆ ಇಡೀ ದೇಶಕ್ಕೆ ತಲುಪಿಸಬೇಕೆಂದು ಶಿಫಾರಸು ಮಾಡಿತು. ಇದರಲ್ಲಿಯೂ ಸರದಿ ಮಹಾನಗರಗಳಿಂದಲೇ ಆರಂಭವಾಗಿತ್ತು.

ಆ ಸರದಿ ರಾಯಚೂರಿಗೆ ಬರುವ ಮೊದಲೇ ಅನಲಾಗ್ ಯುಗ ಮುಗಿಯಿತು. ಪ್ರಸಾರ ಭಾರತಿಯು 2021ರಲ್ಲಿ ಉಳಿದ ಅನಲಾಗ್ ಪ್ರಸಾರಕಗಳನ್ನು ಅದೇ ವರ್ಷದ ಅಕ್ಟೋಬರಿನಿಂದ ಕಂತುಗಳಲ್ಲಿ ನಿಲ್ಲಿಸಿ 2022ರ ಮಾರ್ಚ್ 31ರೊಳಗೆ ಮುಗಿಸುವುದಾಗಿ, ಆಯಕಟ್ಟಿನ ಸ್ಥಳಗಳ ಸುಮಾರು 50 ಪ್ರಸಾರಕಗಳನ್ನು ಮಾತ್ರ ಉಳಿಸಿಕೊಳ್ಳುವುದಾಗಿ ತಿಳಿಸಿತು. ಹಳೆಯ ತಂತ್ರಜ್ಞಾನದ ವಿದ್ಯುತ್ ವೆಚ್ಚ ಉಳಿಯುತ್ತದೆ ಮತ್ತು ತೆರವಾಗುವ ತರಂಗಾಂತರಗಳು 5ಜಿಯಂತಹ ಹೊಸ ಸೇವೆಗಳಿಗೆ ದೊರೆಯುತ್ತವೆ ಎಂಬುದು ಅದು ನೀಡಿದ ಕಾರಣ.

ಈ ಸಂದರ್ಭದಲ್ಲಿ ಕಲಬುರಗಿ ದೂರದರ್ಶನ ಕೇಂದ್ರವೇ ಮುಚ್ಚಿಹೋಗುತ್ತದೆ ಎಂಬ ಸುದ್ದಿ ಹಬ್ಬಿ ಕಳವಳ ಮೂಡಿತು. ಪ್ರಸಾರ ಭಾರತಿಯು ಅದನ್ನು ಅಲ್ಲಗಳೆದು, ಕಲಬುರಗಿ ಕೇಂದ್ರ ಕಾರ್ಯಕ್ರಮಗಳನ್ನು ತಯಾರಿಸುವುದನ್ನು ಮುಂದುವರಿಸುತ್ತದೆ, ಅವು ಚಂದನ ವಾಹಿನಿಯಲ್ಲಿ ಮತ್ತು ಅಂತರಜಾಲದ ಮಾಧ್ಯಮಗಳಲ್ಲಿ ಪ್ರಸಾರವಾಗುತ್ತವೆ ಎಂದು ಸ್ಪಷ್ಟಪಡಿಸಿತು. 2004ರ ಡಿಸೆಂಬರಿನಲ್ಲಿ ಆರಂಭವಾಗಿ ಮುಂದೆ ಫ್ರೀ ಡಿಶ್ ಎಂದು ಹೆಸರಾದ ದೂರದರ್ಶನದ ಉಪಗ್ರಹ ಸೇವೆಗೆ ಮಾಸಿಕ ಶುಲ್ಕವಿಲ್ಲ. ಡಿಶ್ ಮತ್ತು ಪೆಟ್ಟಿಗೆ ಕೊಂಡವರು ಅದರಲ್ಲಿ ಚಂದನವನ್ನು ನೋಡಬಹುದು. ಆದ್ದರಿಂದ ಸೀಮೆ ಕತ್ತಲಾಯಿತು ಎನ್ನುವುದು ಅತಿಶಯೋಕ್ತಿ. ಗುಲಬರ್ಗಾದ ಗೋಪುರದಿಂದ ಹೊರಟ ಪ್ರಸಾರ ಆ ಭಾಗದವರಿಗೆಂದೇ ಇತ್ತು. ಚಂದನದಲ್ಲಿ ಬರುವ ಕಲಬುರಗಿಯ ಕಾರ್ಯಕ್ರಮ ಇಡೀ ರಾಜ್ಯಕ್ಕೆ ಕಾಣುತ್ತದೆ, ಅದು ಲಾಭ. ಆದರೆ ಇಡೀ ರಾಜ್ಯದ ವೇಳೆಯಲ್ಲಿ ಈ ಭಾಗಕ್ಕೆ ಸಿಗುವ ಪಾಲು ಇಡೀ ರಾಜ್ಯದ ಪಾಲುಗಾರಿಕೆಗೆ ಒಳಪಟ್ಟುದು, ಅದು ನಷ್ಟ.

ವಿಳಂಬದ ಅರ್ಥ

ಈ ಐದು ದಶಕಗಳನ್ನು ಒಟ್ಟಿಗೆ ನೋಡಿದಾಗ ಎರಡು ಬಗೆಯ ವಿಳಂಬಗಳು ಕಾಣುತ್ತವೆ. ಮೊದಲನೆಯದು ಕೇಬಲ್ಲಿನ ವಿಳಂಬ. ಅದು ದಿನಾಂಕಗಳಲ್ಲಿ ಅಳೆಯಬಹುದಾದುದು, ಕೊನೆಗೊಮ್ಮೆ ಮುಗಿದುದು. ಎರಡನೆಯದು ಭೂತಲ ಡಿಜಿಟಲ್ ಪ್ರಸಾರದ ವಿಳಂಬ. ಅದು ಪರಿವರ್ತನೆಯಲ್ಲಿ ಅಲ್ಲ, ಹಳೆಯದರ ನಿಲುಗಡೆಯಲ್ಲಿ ಮುಗಿಯಿತು. ಮೊದಲನೆಯದನ್ನು ಮಾತ್ರ ಎಣಿಸುವ ಚರಿತ್ರೆ ರಾಯಚೂರು ಸೀಮೆಯನ್ನು 'ತಡವಾಗಿ ಬಂದ ಊರು' ಎಂದು ಕರೆಯುತ್ತದೆ. ಎರಡನೆಯದನ್ನೂ ಸೇರಿಸಿದರೆ, ಬರಬೇಕಾದುದು ಊರಿಗೆ ಬರಲಿಲ್ಲ ಎಂದು ಹೇಳಬೇಕಾಗುತ್ತದೆ. ತಡವಾದವರು ಯಾರು ಎಂಬ ಪ್ರಶ್ನೆಗೆ ಎರಡೂ ಹೇಳಿಕೆಗಳು ಭಿನ್ನವಾದ ಉತ್ತರ ಕೊಡುತ್ತವೆ.

ನೋಡುವ ಪದ್ಧತಿಯಲ್ಲಿ ಆದ ಪಲ್ಲಟವೂ ಇದರೊಡನೆ ಹೆಣೆದುಕೊಂಡಿದೆ. ಊರಿನ ಟಿ.ವಿ. ಮನೆಯ ಟಿ.ವಿ.ಯಾಯಿತು, ಮನೆಯ ಟಿ.ವಿ.ಗೆ ಸಂಖ್ಯೆಯುಳ್ಳ ಪೆಟ್ಟಿಗೆಯೂ ಚಂದಾದಾರನ ಹೆಸರೂ ಸೇರಿದವು. ಊರು ಕೂಡಿ ನೋಡುತ್ತಿದ್ದಾಗ ಬಡವನು ನೋಡಲು ಏನೂ ತೆರಬೇಕಾಗಿರಲಿಲ್ಲ. ಪೆಟ್ಟಿಗೆ ಕಡ್ಡಾಯವಾದ ಮೇಲೆ ನೋಡುವುದು ಕೊಳ್ಳುವ ಶಕ್ತಿಯ ಪ್ರಶ್ನೆಯಾಯಿತು.

ಸಮಾರೋಪ

ರಾಷ್ಟ್ರೀಯ ಗಡುವುಗಳು ರಾಜ್ಯಪತ್ರಗಳಲ್ಲಿ ದಾಖಲಾಗಿವೆ. ಮಾನ್ವಿಯ ಓಣಿಯೊಂದರಲ್ಲಿ ಅನಲಾಗ್ ಚಿತ್ರ ನಿಂತ ದಿನ, ದೇವದುರ್ಗದ ಹಳ್ಳಿಯ ಶಾಲೆಯಲ್ಲಿ ತಂತಿಬಲೆಯ ಆಂಟೆನಾ ಇಳಿಸಿದ ದಿನ ದಾಖಲಾಗಬೇಕಾದುದು ಬೇರೆ ಆಕರಗಳಿಂದ. ಪಂಚಾಯಿತಿಯ ಹಳೆಯ ನಡಾವಳಿ ಪುಸ್ತಕಗಳು, ಕೇಬಲ್ ಆಪರೇಟರುಗಳ ರಸೀದಿ ಪುಸ್ತಕಗಳು, ಟಿ.ವಿ. ದುರಸ್ತಿ ಅಂಗಡಿಗಳ ಲೆಕ್ಕ, ಸ್ಥಳೀಯ ವಾಹಿನಿಗಳ ಜಾತ್ರೆಯ ಟೇಪುಗಳು ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಜನರ ನೆನಪು ಅಂತಹ ಆಕರಗಳು. ಕಾಂತಪಟ್ಟಿಯ ಟೇಪುಗಳು ಧೂಳು, ತೇವ, ಬಿಸಿಲುಗಳಿಂದ ಕೆಡುವಂಥವು; ಅವುಗಳನ್ನು ಓದುವ ಯಂತ್ರಗಳೂ ಅಪರೂಪವಾಗುತ್ತಿವೆ. 1975ರಲ್ಲಿ ಶಾಲೆಯ ಅಂಗಳದಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿದ್ದ ಹತ್ತು ವರ್ಷದ ಮಗು ಇಂದು ಅರವತ್ತು ದಾಟುವ ವಯಸ್ಸಿನಲ್ಲಿದೆ. ಅಂದು ಹಿಂದೆ ನಿಂತು ನೋಡಿದ ಹಿರಿಯರಲ್ಲಿ ಬಹುಪಾಲು ಇಲ್ಲವಾಗಿದ್ದಾರೆ. ಬಯಲಾಟದ ಪಠ್ಯವನ್ನೂ ತತ್ವಪದವನ್ನೂ ಸಂಗ್ರಹಿಸಿದ ಶ್ರದ್ಧೆಯಿಂದಲೇ ಈ ನೆನಪುಗಳನ್ನೂ ಟೇಪುಗಳನ್ನೂ ಸಂಗ್ರಹಿಸುವುದು ಜಾನಪದ ಅಧ್ಯಯನದ ಹೊಣೆಯಾಗಿದೆ. ಡಿಜಿಟಲ್ ಪರಿವರ್ತನೆ ತಡವಾಗಿ ಬಂದುದಕ್ಕೆ ಈ ಸೀಮೆ ಕಾರಣವಲ್ಲ. ಆದರೆ ಆ ಹಾದಿಯ ದಾಖಲೆ ತಡವಾದರೆ ಅದಕ್ಕೆ ಹೊರಗಿನವರನ್ನು ಹೊಣೆ ಮಾಡಲು ಬರುವುದಿಲ್ಲ.